ಬ್ಯಾಂಡಿನ ಕಟ್ಟೆ

ತುಕಾರಾಮ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದನಷ್ಟೆ, "ಏ ತುಕ್ಯಾ, ಇಳಿ ಕೆಳಗ!" ಎಂದು ಗುರುಲಿಂಗಪ್ಪ ಸಾವಕಾರರು ಮೇಲಿನಿಂದ ಗದರಿದರು.

ಉಮದಿಯ ಸಂತೆಯ ಬಯಲಿನಲ್ಲಿ ಅಂದು ಹೊಸ ಬ್ಯಾಂಡಿನ ಕಟ್ಟೆಯ ಉದ್ಘಾಟನೆ. ಎಂಟು ಕಂಬ, ಮೇಲೊಂದು ತಗಡಿನ ಗೋಪುರ. ಸಂತೆಗೆ ಬಂದವರಿಗೆ ಒಂದು ಗಡಿಗೆ ನೀರು ಇಡಿಸದ ಸಾವಕಾರರು, "ಪುಣೇದಾಗ ಐತಿ, ನಮ್ಮೂರಾಗ ಯಾಕ ಬ್ಯಾಡ?" ಎಂದು ಪಂಚಾಯಿತಿಯಲ್ಲಿ ಹಟ ಹಿಡಿದು, ನೆರಳು ಕೊಡುತ್ತಿದ್ದ ಬೇವಿನ ಮರ ಕಡಿಸಿ ಇದನ್ನು ಕಟ್ಟಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ!

ಅಂಥ ಕಟ್ಟೆ ಹೇಗಿರುತ್ತದೆಂದು ಊರಿನಲ್ಲಿ ಗೊತ್ತಿದ್ದವನು ತುಕಾರಾಮನೊಬ್ಬನೇ. ಎರಡು ವರ್ಷದ ಹಿಂದೆ ಸಂಸ್ಥಾನ ಹೋಗುವವರೆಗೂ ಅರಮನೆಯ ಬ್ಯಾಂಡಿನಲ್ಲಿ ಕೆಂಪು ಕೋಟು ತೊಟ್ಟು, ಅಂಥದೇ ಕಟ್ಟೆಯ ಮೇಲೆ ನಿಂತು ಕ್ಲಾರನೆಟ್ ಊದಿದವನು. ಈಗ ಊರ ಹೊರಗಿನ ತನ್ನ ಕೇರಿಗೆ ಮರಳಿದ್ದ. ಮದುವೆಗಳಲ್ಲಿ ಊದುತ್ತಿದ್ದ, ಸತ್ತವರಿಗೆ ಹಾರ ಹಾಕಿ ಬಿದಿರಿನ ವಿಮಾನದಲ್ಲಿ ಕೂರಿಸಿ ಹೊತ್ತಾಗ ಮುಂದೆ ನಡೆಯುತ್ತಲೂ ಊದುತ್ತಿದ್ದ. ಕಟ್ಟೆಯ ಎತ್ತರ, ಕಂಬಗಳ ಅಂತರ, ಎಲ್ಲವನ್ನೂ ಗೌಂಡಿಗೆ ಹೇಳಿಕೊಟ್ಟವನು ಅವನೇ. ಮೊದಲ ಹಾಡನ್ನು ಅಲ್ಲಿ ನಿಂತು ತಾನೇ ಊದಬೇಕೆಂಬುದೊಂದೇ ಅವನ ಆಸೆ.

"ಸಾವಕಾರ್ರ, ಇದು ಊದಾವ್ರು ನಿಂದ್ರೂ ಜಾಗಾ ಐತ್ರಿ," ಎಂದ.

"ನನಗ ಕಲಸ್ತಿಯೇನು? ಕಟ್ಟಿಗಿ ಪೂಜಿ ಆಗೇತಿ. ನಿಮ್ಮಂದಿ ಹತ್ತಿದ್ರ ನಾಳೆ ನಾವು ಹೆಂಗ ಹತ್ತೂದು? ಕೆಳಗ ನಿಂತು ಊದು. ಗಾಳಿಗೆ ಮೈಲಿಗಿ ಇಲ್ಲ, ಮ್ಯಾಲ ಬರತೈತಿ."

ಮರ ಕಡಿದಾಗ ತುಟಿ ಬಿಚ್ಚದ ಮಂದಿ ಇದಕ್ಕೆ ಹೊಟ್ಟೆ ತುಂಬ ನಕ್ಕರು.

ಅಷ್ಟರಲ್ಲಿ, ಉದ್ಘಾಟನೆಗೆ ಬರಬೇಕಾದ ಸಾಹೇಬರ ಜೀಪು ಕೆಟ್ಟಿದೆ, ಬರುವುದಿಲ್ಲ ಎಂದು ಸುದ್ದಿ ಬಂತು. ತರಿಸಿದ ಹಾರ ಸುಮ್ಮನೆ ಬಾಡುವುದೇ? ಸಾವಕಾರರು ಅದನ್ನು ತಮ್ಮ ಕೊರಳಿಗೇ ಹಾಕಿಸಿಕೊಂಡರು. ಹಣೆಯ ತುಂಬ ವಿಭೂತಿ, ತಲೆಗೆ ರುಮಾಲು. ಸಾಹೇಬರಿಗೆಂದು ಹಾಸಿದ್ದ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲೋಡಿಗೆ ಒರಗಿ, ದೊಡ್ಡ ರಸಿಕರಂತೆ ಕಣ್ಣು ಮುಚ್ಚಿದರು. "ಹೂಂ, ಊದು."

ತುಕಾರಾಮ ಬಿಸಿಲಿನಲ್ಲಿ ನಿಂತು ಒಮ್ಮೆ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಕ್ಲಾರನೆಟ್ ತುಟಿಗಿಟ್ಟು ವಿಮಾನದ ಮುಂದೆ ಊದುವ ಹಾಡನ್ನು ಎತ್ತಿಕೊಂಡ. ಜೊತೆಗೆ ಬಂದಿದ್ದ ಹಲಗೆಯವನು ಬೆಚ್ಚಿ ಅವನ ಮುಖ ನೋಡಿದ. ನೋಡಿ, ತಾನೂ ಅದೇ ಬಡಿತ ಹಿಡಿದ. ನಗುತ್ತಿದ್ದವರ ಬಾಯಿ ಕಟ್ಟಿತು. ಮದುವೆಯ ಹಾಡಿಗೂ ಮಸಣದ ಹಾಡಿಗೂ ವ್ಯತ್ಯಾಸ ತಿಳಿಯದ ಸಾವಕಾರರು ಮಾತ್ರ ಕಣ್ಣು ತೆರೆಯಲಿಲ್ಲ.

ಕರಜಗಿಯಿಂದ ಸಂತೆಗೆ ಬಂದಿದ್ದ ಮುದುಕಿ ಹಾಲವ್ವನಿಗೆ ಈ ಉದ್ಘಾಟನೆಯ ಸುದ್ದಿಯೇ ಗೊತ್ತಿರಲಿಲ್ಲ. ಹಾಡು ಕಿವಿಗೆ ಬಿದ್ದದ್ದೇ ತಲೆಯ ಮೇಲೆ ಸೆರಗು ಎಳೆದುಕೊಂಡು, ಮಂದಿಯನ್ನು ಸರಿಸಿ ಮುಂದೆ ಬಂದಳು. ಮೊಮ್ಮಕ್ಕಳಿಗೆಂದು ಉಡಿಯಲ್ಲಿ ಕಟ್ಟಿಕೊಂಡಿದ್ದ ಚುರುಮರಿಯಲ್ಲಿ ಒಂದು ಹಿಡಿ ತೆಗೆದು, ಸತ್ತವರಿಗೆ ತೂರುವಂತೆ ಸಾವಕಾರರ ಮೇಲೆ ತೂರಿ ಕೈಮುಗಿದಳು.

"ಪುಣ್ಯವಂತ. ಮಾರಿ ಮ್ಯಾಲ ಇನ್ನೂ ಕಳೆ ಐತಿ," ಎಂದಳು. ಆಮೇಲೆ ಸುತ್ತ ನಿಂತವರತ್ತ ತಿರುಗಿ ಗದರಿದಳು:

"ಹಿಂಗ ನೋಡಕೋತ ನಿಂತ್ರ ಹೆಂಗ? ಬಿಸಲು ಏರಾಕತ್ತೇತಿ, ಲಗೂನ ಎತ್ರಿ!"