ಐದನೆಯವನು

ಕೆಂಪು ಫೈಲನ್ನು ಎದೆಗವಚಿಕೊಂಡು ಪ್ರತೀಕ್ಷಾ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟಿನ ಚರ್ಚ್ ಹಾಲಿನ ಮೆಟ್ಟಿಲು ಹತ್ತಿದಳು. ಇನ್ನೊಂದು ಕೈಯಲ್ಲಿ ಬಾಯಿ ಕಟ್ಟಿದ ಬಟ್ಟೆ ಚೀಲ. ಬಾಗಿಲಲ್ಲೇ ಕನ್ನಡ ಕೂಟದ ಅಧ್ಯಕ್ಷ ಮಯೂರ್ ಅಡ್ಡ ನಿಂತ.

"ಇನ್ನೊಂದ್ಸಲ ಯೋಚ್ನೆ ಮಾಡು ಪ್ರತೀಕ್ಷಾ. ವಿನಾಯಕನ್ನ ಹೊರಗೆ ಹಾಕಿದ್ರೆ ಅವನು ಹೀರೋ ಆಗ್ತಾನೆ."

"ತೀರ್ಮಾನ ಕಾರ್ಯದರ್ಶಿ ನಿನಗೇ ಬಿಟ್ಟಿದೀವಿ ಅಂತ ಸಮಿತಿಯವರೇ ಅಂದ್ರಲ್ಲ?"

"ಅಂದ್ವಿ. ಆದ್ರೆ ನಿನ್ನ ಮುಖ ನೋಡಿದ್ರೆ ಭಯ ಆಗ್ತಿದೆ. ನಿನ್ನೆ ಸಂಜೆ ಟಿವಿಡೇಲ್ ಗುಡಿಗೆ ಬೇರೆ ಹೋಗಿದ್ಯಂತೆ. ಹರಕೆನಾ?"

"ಹ್ಞೂಂ, ಹರಕೆ. ಇವತ್ತು ಅವರ ಕಥೆ ಮುಗಿಸ್ತೀನಿ. ಅಜ್ಜಿ ಕಥೆನೂ."

ಮಯೂರ್ ದಾರಿ ಬಿಟ್ಟ.

ಅಜ್ಜಿಯ ವಿಷಯ ಕೂಟದವರಿಗೆಲ್ಲ ಗೊತ್ತಿತ್ತು. ಹೋದ ವರ್ಷದ ರಾಜ್ಯೋತ್ಸವ, ಇದೇ ವೇದಿಕೆ. ಮೈಸೂರಿನಿಂದ ಮೊಮ್ಮಗಳ ಮನೆಗೆ ಬಂದಿದ್ದ ನಾಗಮಣಿಯಮ್ಮ ಮಕ್ಕಳಿಗೆ ರಕ್ತಬೀಜಾಸುರನ ಕಥೆ ಹೇಳುತ್ತಿದ್ದರು. "ಅವನ ರಕ್ತ ಒಂದು ಹನಿ ನೆಲಕ್ಕೆ ಬಿದ್ರೆ ಸಾಕು ಕಂದಮ್ಮಗಳಾ, ಅಲ್ಲೊಬ್ಬ ಹೊಸ ರಕ್ತಬೀಜ ಎದ್ದು ನಿಲ್ತಿದ್ದ. ಕಡಿದಷ್ಟೂ ಹೆಚ್ತಿದ್ದ. ಆಗ ತಾಯಿ ಚಾಮುಂಡಿ ಏನು ಮಾಡಿದಳು ಗೊತ್ತಾ..." ಅಷ್ಟರಲ್ಲಿ ಮೈಕ್ ಸತ್ತಿತು. ಕಾರ್ಯಕ್ರಮ ನಡೆಸುತ್ತಿದ್ದ ವಿನಾಯಕ ಸ್ವಿಚ್ ಆರಿಸಿ, "ಟೈಮಾಯ್ತು ಅಜ್ಜಿ, ಊಟ ಆರೋಗುತ್ತೆ" ಎಂದು ನಗುತ್ತಾ ತನ್ನ ಗೆಳೆಯರ ಡ್ಯಾನ್ಸ್ ಗುಂಪನ್ನು ವೇದಿಕೆಗೆ ಕರೆದಿದ್ದ. ಜನರೂ ನಕ್ಕರು. ಅಜ್ಜಿ ಸೆರಗು ಸರಿಮಾಡಿಕೊಂಡು ಕೆಳಗಿಳಿದರು. ಊರಿಗೆ ಮರಳಿದ ಮೇಲೂ ಫೋನಿನಲ್ಲಿ ಅದೇ ಮಾತು: "ಅರ್ಧಕ್ಕೆ ನಿಂತ ಕಥೆ ಹೇಳಿದವಳನ್ನೇ ಕಾಡುತ್ತೆ ಪುಟ್ಟಿ." ಮಾರ್ಚಿನಲ್ಲಿ ತೀರಿಕೊಂಡರು.

ಪ್ರತೀಕ್ಷಾಳ ಹೊಟ್ಟೆಪಾಡೂ ಕಥೆ ಹೇಳುವುದೇ. ಶನಿವಾರಗಳಲ್ಲಿ ಅವಳು ಟೂರ್ ಗೈಡ್ ಆಗಿ ಜನರನ್ನು ಸಾಲ್ಫರ್ಡ್‌ನಲ್ಲಿ ನಡೆಸಿಕೊಂಡು ಹೋಗಿ, ಹಳೆಯ ಜೈಲಿದ್ದ ಜಾಗದಲ್ಲಿ, ಈಗಿನ ಗಾಜಿನ ಆಫೀಸುಗಳ ನಡುವೆ ನಿಲ್ಲಿಸುತ್ತಾಳೆ. 1867. ಐರಿಷ್ ಬಂಡಾಯಗಾರರು ಮ್ಯಾಂಚೆಸ್ಟರಿನಲ್ಲಿ ಪೊಲೀಸ್ ಬಂಡಿ ತಡೆದು ತಮ್ಮ ನಾಯಕರನ್ನು ಬಿಡಿಸಿದರು. ಒಬ್ಬ ಪೊಲೀಸ್ ಸತ್ತ. ಐವರಿಗೆ ಕೋರ್ಟು ಮರಣದಂಡನೆ ವಿಧಿಸಿತು. ಮೂವರನ್ನು ಇಲ್ಲೇ, ಜನರ ಕಣ್ಣೆದುರು, ನೇಣಿಗೇರಿಸಿದರು. ಒಬ್ಬನ ಶಿಕ್ಷೆ ಜೀವಾವಧಿಗೆ ಇಳಿಯಿತು. ಐದನೆಯವನಿಗೆ ಪೂರ್ತಿ ಮಾಫಿ. ಅಲ್ಲಿಯವರೆಗೆ ಐರ್ಲೆಂಡಿನ ಪಾದ್ರಿಗಳೂ ಅಂಗಡಿಯವರೂ ಈ ಬಂಡಾಯಗಾರರ ನೆರಳು ಸೋಕದಂತೆ ಓಡಾಡುತ್ತಿದ್ದರು. ನೇಣಿನ ಸುದ್ದಿ ಮುಟ್ಟಿದ್ದೇ ತಡ, ಖಾಲಿ ಶವಪೆಟ್ಟಿಗೆಗಳ ಹಿಂದೆ ಸಾವಿರ ಸಾವಿರ ಜನ ನಡೆದರು. ಸುಮಾರು ಐವತ್ತು ವರ್ಷದ ಮೇಲೆ ಡಬ್ಲಿನ್‌ನಲ್ಲಿ ಮತ್ತೆ ಅದೇ ತಪ್ಪು. ಬಂಡೆದ್ದವರನ್ನು ಊರಿನವರೇ ಬೈದು ಕಳಿಸಿದ್ದರು. ಸರ್ಕಾರ ಅವರಿಗೆ ಗುಂಡಿಕ್ಕಿದ ಮೇಲೆ ಅವರ ಕಡೆಯ ಪಕ್ಷಕ್ಕೆ ದೇಶವೇ ಓಟು ಹಾಕಿತು.

ಸೆಪ್ಟೆಂಬರಿನಲ್ಲಿ ಆ ನಡಿಗೆಗೆ ವಿನಾಯಕನೂ ಬಂದಿದ್ದ, ಕೂಟದಲ್ಲಿನ ತನ್ನ ಹನ್ನೆರಡು ಬೆಂಬಲಿಗರ ಜೊತೆ.

"ನೇಣಿಗೆ ಮುಂಚೆ ಇವರ ಹಿಂದೆ ಎಷ್ಟು ಜನ ಇದ್ರು ಮೇಡಂ?"

"ನಿಮ್ಮ ಹಿಂದೆ ಇರೋಷ್ಟು ಅಂದ್ಕೊಳ್ಳಿ ವಿನಾಯಕ್."

ಅವನು ನಕ್ಕು, ಮೂವರ ಹೆಸರನ್ನೂ ಕೇಳಿ ಬರೆದುಕೊಂಡ. ಮರುದಿನವೇ ಶುರು. ಕೂಟದ ದೀಪಾವಳಿಯ ದಿನವೇ ತನ್ನದೊಂದು ದೀಪಾವಳಿ. ವಾಟ್ಸಾಪಿನಲ್ಲಿ ಸಮಿತಿಗೆ ಮೂದಲಿಕೆ. "ತಾಕತ್ತಿದ್ರೆ ತೆಗೆದುಹಾಕಿ" ಎಂಬ ಸವಾಲು. ಹೊಸ ವರ್ಷಕ್ಕೆ ಅಧ್ಯಕ್ಷರ ಚುನಾವಣೆಯಿತ್ತು; ಗೆಲ್ಲಲು ಹನ್ನೆರಡು ಜನ ಸಾಲದು, ಅನ್ಯಾಯವಾಯ್ತೆಂದು ಅವನ ಪರ ಎದ್ದುಬರುವ ಜನ ಬೇಕು.

ಇಂದಿನ ರಾಜ್ಯೋತ್ಸವಕ್ಕೆ ಅವನು ಕಪ್ಪು ಶರ್ಟು ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಹೆಂಡತಿ ಕೃತಿಯ ಫೋನಿನಲ್ಲಿ ದಾವಣಗೆರೆಯಿಂದ ಅವನ ತಾಯಿ ಎಲ್ಲವನ್ನೂ ನೋಡುತ್ತಿದ್ದರು. ಹನ್ನೆರಡು ಕುರ್ಚಿಗಳ ಕೆಳಗೆ ಸುತ್ತಿಟ್ಟ ಪ್ರತಿಭಟನೆಯ ಫಲಕಗಳು. ಹಿಂದಿನ ಸಾಲಿನಲ್ಲಿ ಹಾಲಪ್ಪನವರು, ಕೂಟ ಕಟ್ಟಿದ ಹಿರಿಯರು, ಒಬ್ಬರೇ ಚಹಾ ಕುಡಿಯುತ್ತಿದ್ದರು. ಮೂರು ವರ್ಷದ ಹಿಂದೆ ಅವರಿಗೆ ಗೌರವ ಪೋಷಕರ ಪಟ್ಟ ಕಟ್ಟಿಸಿದ್ದು ವಿನಾಯಕನೇ. ಪೋಷಕರು ಓಟು ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸಭೆ ಚಪ್ಪಾಳೆ ತಟ್ಟಿದರೆ ಪಟ್ಟ ಖಾಯಂ ಎಂಬ ನಿಯಮ ಬರೆದವನೂ ಅವನೇ. ಅಂದಿನಿಂದ ಹಾಲಪ್ಪನವರ ಪಕ್ಕದ ಕುರ್ಚಿ ಖಾಲಿ.

ಪ್ರತೀಕ್ಷಾ ಮೈಕ್ ಹಿಡಿದಳು. "ವಿನಾಯಕ್ ಅವರ ಬಗ್ಗೆ ಸಮಿತಿಯ ತೀರ್ಮಾನ."

ವಿನಾಯಕ ಎದ್ದು ನಿಂತ. "ಜೋರಾಗಿ ಓದಿ ಮೇಡಂ! ಎಲ್ರೂ ಕೇಳ್ಲಿ!" ಹನ್ನೆರಡು ಕೈಗಳು ಕುರ್ಚಿಯ ಕೆಳಗೆ ಹೋದವು.

ಅವಳು ಫೈಲು ತೆರೆದಳು.

"ಹತ್ತು ವರ್ಷಗಳ ನಿಸ್ವಾರ್ಥ ಸೇವೆಯನ್ನು ಸ್ಮರಿಸಿ," ಎಂದು ನಿಧಾನವಾಗಿ ಓದಿದಳು, "ಶ್ರೀ ವಿನಾಯಕ್ ಅವರನ್ನು ಕೂಟದ ಆಜೀವ ಗೌರವ ಪೋಷಕರೆಂದು ಸನ್ಮಾನಿಸಲಾಗುತ್ತಿದೆ. ಹಾಲಪ್ಪನವರು ದಯವಿಟ್ಟು ವೇದಿಕೆಗೆ ಬರಬೇಕು."

ಚೀಲದ ಗಂಟು ಬಿಚ್ಚಿತು. ಜರಿಯ ಮೈಸೂರು ಪೇಟ, ಶಾಲು, ಟಿವಿಡೇಲ್ ಗುಡಿಯ ಹಾರ. ಹಾಲಪ್ಪನವರು ಲೋಟ ಕೆಳಗಿಟ್ಟು, ಮೂರು ವರ್ಷದಲ್ಲಿ ಮೊದಲ ಬಾರಿಗೆ ಬಾಯ್ತುಂಬ ನಗುತ್ತಾ ಬಂದರು. ಪೇಟ ತಲೆಗೇರಿತು. "ಅಯ್ಯೋ ನನ್ ಕಂದಾ!" ಎಂದು ಫೋನಿನೊಳಗಿಂದ ತಾಯಿ ಅತ್ತರು. ಹಾಲಿನಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಫಲಕಗಳನ್ನು ಬಿಟ್ಟು ಆ ಹನ್ನೆರಡು ಜನವೂ.

ವಿನಾಯಕನ ಮುಖ ಬಿಳಚಿತು. ಮೈಕಿಗೆ ಕೈ ಹಾಕಿದ. "ಒಂದ್ನಿಮಿಷ, ನಾನು ಇದನ್ನ..."

ಪ್ರತೀಕ್ಷಾ ಸ್ವಿಚ್ ಆರಿಸಿದಳು. "ಟೈಮಾಯ್ತು ಸರ್, ಊಟ ಆರೋಗುತ್ತೆ."

ಜನ ನಕ್ಕರು. ಅವಳು ಮಕ್ಕಳ ಕಡೆ ತಿರುಗಿ, ಮೈಕಿಲ್ಲದೆಯೇ ಅಜ್ಜಿಯ ಕಥೆ ಮುಗಿಸಿದಳು: "ಆಗ ತಾಯಿ ಚಾಮುಂಡಿ ನಾಲಿಗೆ ಹಾಸಿದಳು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ."

ಸಾಲ್ಫರ್ಡ್‌ನ ನಡಿಗೆಗೆ ಬಂದವರೆಲ್ಲ ನೇಣಿಗೇರಿದ ಮೂವರ ಹೆಸರು ಕೇಳುತ್ತಾರೆ. ಮಾಫಿ ಸಿಕ್ಕ ಐದನೆಯವನ ಹೆಸರನ್ನು ಈವರೆಗೆ ಒಬ್ಬರೂ ಕೇಳಿಲ್ಲ.