ಬೆನ್ನಿಗೆ ಕೊಟ್ಟ ಕೈ

ಆರನೇ ಸಲವೂ ಮಗಳು ಪೋಲ್‌ವಾಲ್ಟ್ ಕೋಲನ್ನು ಗುಂಡಿಗೆ ಊರಿದವಳು ನೆಲ ಬಿಟ್ಟು ಮೇಲೇಳದೆ, ಅದನ್ನು ಹಿಡಿದುಕೊಂಡೇ ಮ್ಯಾಟಿನ ಮೇಲೆ ಓಡಿಹೋದಳು. "ಕೈ ಇನ್ನೂ ಮೇಲೆ! ಕೊನೇ ಹೆಜ್ಜೆ ಚಿಕ್ಕದು!" ಎಂದು ಹೊಸ ಕೋಚ್ ಗಂಟಲು ಹರಿಯುವಂತೆ ಕೂಗುತ್ತಿದ್ದ. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಹಳೇ ಕೋಚ್‌ಗೆ, ಅಂದರೆ ಅವಳ ಅಪ್ಪನಿಗೆ, ತಪ್ಪು ಹೆಜ್ಜೆಯದಲ್ಲ ಎಂದು ಗೊತ್ತಿತ್ತು.

ಹೊಸದಾಗಿ ಕಲಿಯುವವರು ನೆಲ ಬಿಡುವ ಗಳಿಗೆಗೆ ಸರಿಯಾಗಿ ಬೆನ್ನಿಗೆ ಅಂಗೈ ಕೊಟ್ಟು ಮೇಲಕ್ಕೆ ತಳ್ಳುವುದು ಅವನ ಕ್ರಮ. ನಾಲ್ಕು ತಿಂಗಳಿಗೆ ಅದನ್ನು ಬಿಡಿಸಬೇಕು. ಊರವರ ಮಕ್ಕಳಿಗೆಲ್ಲ ಬಿಡಿಸಿದ್ದ; ಇವಳಿಗೆ ಮಾತ್ರ 'ಮುಂದಿನ ವಾರ ನೋಡೋಣ' ಅಂತಲೇ ಮೂರು ವರ್ಷ ಕಳೆದಿದ್ದ. ಅಭ್ಯಾಸದಲ್ಲಿ ಹಾರುವವಳು ಸ್ಪರ್ಧೆಯಲ್ಲಿ ಮುಗ್ಗರಿಸುತ್ತಿದ್ದದ್ದೂ ಅದಕ್ಕೇ. ಈಗ ಲಕ್ವ ಹೊಡೆದು ಆ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ನನ್ನ ಕುರ್ಚೀನ ಅವಳು ನೆಲ ಬಿಡೋ ಜಾಗದ ಪಕ್ಕ ಹಾಕಪ್ಪ," ಎಂದು ಹೊಸ ಕೋಚ್‌ಗೆ ತೊದಲುತ್ತಲೇ ಹೇಳಿದ. ಆಮೇಲೆ ಮಗಳತ್ತ ತಿರುಗಿ, "ಎಡಗೈ ಗಟ್ಟಿಯಾಗೇ ಇದೆ ಕಣೇ. ನಾನಿದ್ದೀನಿ, ಬಾ" ಎಂದ.

ಅವಳು ಓಡಿ ಬಂದಳು. ಅಪ್ಪ ಎಡಗೈ ಎತ್ತಲು ಹೋದರೆ ಮೈಯೇ ವಾಲಿತು. ಬೀಳದಿರಲು ಅದೇ ಕೈಯಲ್ಲಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು. ಅಷ್ಟರಲ್ಲಿ ಕೋಲು ಬಿಲ್ಲಿನಂತೆ ಬಾಗಿ ಅವಳನ್ನು ಎತ್ತಿಕೊಂಡಿತ್ತು. ಅಡ್ಡಪಟ್ಟಿ ಅಲುಗಲೂ ಇಲ್ಲ.

"ಇವತ್ತು ನೀನು ಸ್ವಲ್ಪ ಜೋರಾಗೇ ತಳ್ಳಿಬಿಟ್ಟೆ ಕಣಪ್ಪ!" ಎಂದು ಆಚೆಯ ಮ್ಯಾಟಿನ ಮೇಲಿಂದ ಅವಳು ನಗುತ್ತ ಕೂಗಿದಳು.

ಅಪ್ಪ ಕುರ್ಚಿಯ ತೋಳನ್ನು ಬಿಟ್ಟಿರಲಿಲ್ಲ.

"ನಾಳೆ ಮೆತ್ತಗೆ ತಳ್ತೀನಮ್ಮ," ಎಂದ.