ತುದಿಯ ಹಾಯಿ

ಗಂಜಿ ಹಾಕಿದ ಬಟ್ಟೆಯ ವಾಸನೆ ಬಂದರೆ ಈಗಲೂ ನಾನು ಖಡಕಿಯ ಆ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಹೋಗಿಬಿಡುತ್ತೇನೆ.

ಅಪ್ಪ ಸಮುದ್ರ ಕಂಡವರಲ್ಲ. ಆದರೂ ಫ್ಯಾಕ್ಟರಿಯಿಂದ ಬಂದು ಹಳೆಯ ಕಾಲದ ಹಾಯಿಹಡಗಿನ ಮಾದರಿ ಮಾಡುತ್ತ ಕೂರುತ್ತಿದ್ದರು. ಆ ಹಾಯಿಗಳ, ಈಗ ಯಾರೂ ಬಳಸದ ಇಂಗ್ಲಿಷ್ ಹೆಸರೆಲ್ಲ ಅವರಿಗೆ ಬಾಯಿಪಾಠ. ಹಾಯಿಗಳನ್ನು ಅವ್ವ ಹೊಲಿಯುತ್ತಿದ್ದಳು; ಆಮೇಲೆ ಅಪ್ಪ ಗಂಜಿಯಲ್ಲಿ ಅದ್ದಿ, ಗಾಳಿ ತುಂಬಿದಂತೆ ಉಬ್ಬಿಸಿ ಒಣಗಿಸುತ್ತಿದ್ದರು.

ಒಂದು ಮಧ್ಯಾಹ್ನ ಅವ್ವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಡಾಕ್ಟರು ಏನು ಹೇಳಿದರೆಂದು ಅಪ್ಪ ಯಾರಿಗೂ ಹೇಳಲಿಲ್ಲ. ಹೊಲಿಯಲು ಉಳಿದಿದ್ದ ತುದಿಯ ಹಾಯಿಯ ಬಟ್ಟೆಯನ್ನು ಅವಳ ಕೈಗಿಟ್ಟರು. ಅದು ಹಪ್ಪಳದಂತೆ ಗಡಸಾಗಿತ್ತು; ಸೂಜಿ ಇಳಿಯಲಿಲ್ಲ.

"ಹೊಲಿಯೂದ್ಕಿಂತ ಮೊದ್ಲ ಗಂಜಿ ಹಾಕೀರಲ್ರೀ," ಎಂದು ಅವ್ವ ಅಪ್ಪನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ತೊಳದು ಕೊಡ್ತೀನಿ. ನಾಳಿ ಹೊಲಿಯೂವಂತಿ."

"ನಾಳೀದು ನಾಳಿ ನೋಡೂಣು. ಈಗ ಹೆಸರು ಹೇಳ್ರಿ, ಕೇಳ್ತೀನಿ."

ಅಪ್ಪ ಹಡಗಿನ ಕಂಬದ ಬುಡದಿಂದ ಬೆರಳು ಏರಿಸಿದರು. "ಮೇನ್‌ಸೇಲ್, ಟಾಪ್‌ಸೇಲ್, ಟಾಪ್‌ಗ್ಯಾಲಂಟ್, ರಾಯಲ್, ಸ್ಕೈಸೇಲ್..." ಹಾಯಿಯಿಲ್ಲದ ತುದಿಗೆ ಬಂದು ಬೆರಳು ನಿಂತಿತು.

"ಮೂನ್‌ರೇಕರ್," ಎಂದಳು ಅವ್ವ. "ಅದೊಂದು ಹಾಯಿ ಹಂಗ ಇರ್ಲಿ."